ಗಂಟೆಗೆ ನಾಲ್ಕು ಕಿಲೋಮೀಟರ್

ಗಂಟೆಗೆ ಎಷ್ಟು ದೂರ ನಡೆಯಬಲ್ಲೆ ಎಂದು ಯಾರಿಂದಲೂ ಕೇಳಿಸಿಕೊಳ್ಳದೆ ಐವತ್ತೊಂದು ವರ್ಷ ಕಳೆದುಬಿಡಬಹುದು. ನಾನು ಕಳೆದಿದ್ದೆ. ಕಳೆದ ಫೆಬ್ರವರಿಯಲ್ಲಿ ಲಂಡನ್ನಿನ ಎಜ್‌ವೇರ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಾರ್ವೆಯ ಒಂದು ಗುಡ್ಡಗಾಡಿನ ನಕಾಶೆ ಹರಡಿಕೊಂಡಾಗ ಆ ಪ್ರಶ್ನೆ ಮೊದಲ ಸಲ ಎದುರಾಯಿತು. ನಾನು ಕೊಂಚವೂ ತಡಮಾಡದೆ ಸುಳ್ಳು ಹೇಳಿದೆ. "ನಾಲ್ಕು ಕಿಲೋಮೀಟರ್" ಎಂದೆ. "ಹಂಗಾರ ನಂದೂ ನಾಲ್ಕು ಬರೀರಿ" ಎಂದಳು ನಕಾಶೆ ತಂದವಳು.

ಅವಳು ನನ್ನ ಹೆಂಡತಿ ಸುಮಂಗಲಾ. ಧಾರವಾಡದವಳು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ವಯಸ್ಸಾದವರ ವಾರ್ಡಿನ ಡಾಕ್ಟರು. ಮೂರು ಚಳಿಗಾಲ ಅವಳಿಗೆ ಸರಿಯಾದ ರಜೆಯೇ ಸಿಕ್ಕಿರಲಿಲ್ಲ. ಸಿಕ್ಕಾಗ ಎಲ್ಲರಂತೆ ಸಮುದ್ರತೀರವನ್ನೋ ಒಳ್ಳೆಯ ಹೋಟೆಲನ್ನೋ ಕೇಳಬಾರದೆ? ಬೆಟ್ಟದ ನೆತ್ತಿಯಲ್ಲಿರುವ ಒಂದು ಮರದ ಮನೆ ಬೇಕಂತೆ. ನಡೆದು ಬಂದವರೆಲ್ಲ ತಂಗಬಹುದಾದ ಸೆಲ್ಫ್ ಸರ್ವಿಸ್ ಮನೆ ಅದು.

ಸೆಲ್ಫ್ ಸರ್ವಿಸ್ ಎಂದರೆ ನನಗೆ ನೆನಪಾಗುವುದು ಬೆಂಗಳೂರಿನ ದರ್ಶಿನಿ. ಟೋಕನ್ ಕೊಟ್ಟು, ತಟ್ಟೆ ಹಿಡಿದು, ನಿಂತು ತಿನ್ನುವ ಶ್ರಮವಷ್ಟೇ ನಮ್ಮದು. ಇಡ್ಲಿಯನ್ನು ಬೇರೆ ಯಾರೋ ಬೇಯಿಸಿರುತ್ತಾರೆ. ನಾರ್ವೆಯವರು ಆ ಶಬ್ದವನ್ನು ತುಂಬ ಪ್ರಾಮಾಣಿಕವಾಗಿ ಅರ್ಥಮಾಡಿಕೊಂಡಿದ್ದಾರೆ. ಬೀಗ ನಾವೇ ತೆಗೆಯಬೇಕು. ತೊರೆಯಿಂದ ನೀರು ತರಬೇಕು, ಒಲೆ ಹೊತ್ತಿಸಬೇಕು, ಉಗ್ರಾಣದಲ್ಲಿರುವ ಡಬ್ಬಿಗಳಿಂದ ತೆಗೆದು ಬೇಯಿಸಿಕೊಳ್ಳಬೇಕು. ಹೊರಡುವಾಗ ನೆಲ ಗುಡಿಸಿ, ಮುಂದೆ ಬರುವವರಿಗೆ ಸೌದೆ ಒಡೆದಿಟ್ಟು ಹೋಗಬೇಕು.

"ಇದು ರಜೆಯಾ, ಸುಮಾ?" ಎಂದೆ.

"ಅಲ್ಲೆ ನನ್ನ ಯಾರೂ ಕರಿಯೂದಿಲ್ರಿ" ಎಂದಳು. "ಫೋನೂ ಹತ್ತೂದಿಲ್ಲ."

ನಾನು ಲ್ಯಾಪ್‌ಟಾಪ್ ತೆಗೆದೆ. ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸವೇ ವೇಳಾಪಟ್ಟಿ ಮಾಡುವುದು. ಹದಿನೆಂಟು ಕಿಲೋಮೀಟರ್ ದಾರಿ, ನಾಲ್ಕರಿಂದ ಭಾಗಿಸಿದರೆ ನಾಲ್ಕೂವರೆ ಗಂಟೆ. ಏರಿಗೆ ಒಂದು ಗಂಟೆ, ಅವಲಕ್ಕಿಗೆ ಅರ್ಧ, ಫೋಟೋಗೆ ಅರ್ಧ. ದಾರಿಯ ವಿವರದಲ್ಲಿ ಒಂಬತ್ತು ಗಂಟೆ ಎಂದಿತ್ತು. ಯಾರೋ ಅಜ್ಜ ಅಜ್ಜಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿರಬೇಕು ಎಂದುಕೊಂಡೆ. ಯೋಜನೆ ಮಾಡುವುದರಲ್ಲಿ ಒಂದು ಸುಖವಿದೆ: ಅಲ್ಲಿ ಮಂಡಿಗಳಿಲ್ಲ, ಉಬ್ಬಸವಿಲ್ಲ. ನಕಾಶೆಯ ಮೇಲೆ ಬೆರಳು ಯಾವ ಕಣಿವೆಯನ್ನೂ ಬೆವರದೆ ದಾಟುತ್ತದೆ. ವಾರಗಟ್ಟಲೆ ನಾನು ಬೆರಳಿನಲ್ಲೇ ನಾರ್ವೆಯನ್ನು ಹತ್ತಿ ಇಳಿದೆ.

ಏಪ್ರಿಲ್‌ನ ಒಂದು ಭಾನುವಾರ ಸುಮಂಗಲಾ ಅಭ್ಯಾಸಕ್ಕೆಂದು ಎಬ್ಬಿಸಿದಳು. ಬೆನ್ನುಚೀಲದಲ್ಲಿ ಭಾರ ಬೇಕಲ್ಲ, ಕೆಂಟನ್ನಿನ ಅಂಗಡಿಯಿಂದ ತಂದ ಹತ್ತು ಕಿಲೋ ಸೋನಾ ಮಸೂರಿಯನ್ನು ನನ್ನ ಚೀಲಕ್ಕೆ ಇಳಿಸಿದಳು. ಎಜ್‌ವೇರ್‌ನಿಂದ ಸ್ಟ್ಯಾನ್‌ಮೋರ್‌ನ ಕಾಡು ಹಾದು ಹ್ಯಾರೋ ಗುಡ್ಡದವರೆಗೆ ನಡಿಗೆ. ದಾರಿಯಲ್ಲಿ ಮೂರು ಸಲ ಬಿಗಿಯಾಗಿಯೇ ಇದ್ದ ಬೂಟಿನ ಲೇಸು ಕಟ್ಟಿದೆ. ಎಂದೂ ಗಿಡಮರದ ಕಡೆ ನೋಡದವನು ನಿಂತು ನಿಂತು ಓಕ್ ಮರಗಳ ಫೋಟೋ ತೆಗೆದೆ. ಹ್ಯಾರೋ ಗುಡ್ಡವನ್ನು ಲಂಡನ್ನಿನವರು ಗುಡ್ಡವೆನ್ನುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳೆದ ನನ್ನಂಥ ಮೈಸೂರಿನವನಿಗೆ ಅದು ದಿಣ್ಣೆ. ಆ ದಿಣ್ಣೆಯ ಅರ್ಧದಲ್ಲಿ ನನ್ನ ಎದೆ ಬಿಗಿಯಿತು. ಯಾರದೋ ಮನೆಯ ಮೋಟುಗೋಡೆಯ ಮೇಲೆ ಕುಳಿತುಬಿಟ್ಟೆ.

ಸುಮಂಗಲಾ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು.

"ಎಷ್ಟು ದಿನದಿಂದ ಹಿಂಗ?"

"ಈಗಷ್ಟೇ."

"ನಾ ದಿನಾ ವಾರ್ಡಿನ್ಯಾಗ ಇಂಥಾ ಸುಳ್ಳು ಕೇಳಾಕಿ. ಖರೇ ಹೇಳ್ರಿ."

"ದೀಪಾವಳಿಯಿಂದ. ಮೆಟ್ಟಿಲು ಹತ್ತುವಾಗ."

"ಅಷ್ಟು ದಿನದಿಂದ! ನನಗ್ಯಾಕ ಹೇಳಲಿಲ್ಲ?"

ಹೇಳಲು ನೂರು ಕಾರಣ ಜೋಡಿಸಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಮಾತ್ರ ನಿಜವಾದದ್ದು. "ಮನೆಗೆ ಬಂದ ಮೇಲೂ ನಿನಗೆ ಇನ್ನೊಬ್ಬ ಪೇಷಂಟ್ ಆಗ್ತಿದ್ದೆ, ಅದಕ್ಕೆ."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ನನ್ನ ಬೆನ್ನಿನಿಂದ ಅಕ್ಕಿಯ ಚೀಲ ಬಿಚ್ಚಿ ತಾನು ಹೊತ್ತುಕೊಂಡಳು. ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದೆವು.

ಮರುದಿನವೇ ಜಿಪಿ ಎಂಬ ಬಡಾವಣೆ ಡಾಕ್ಟರ ಭೇಟಿ, ಆಮೇಲೆ ಹೃದಯದ ಪರೀಕ್ಷೆಗಳು. ಎಲ್ಲ ಮುಗಿದು ಉತ್ತರ ಬರಲು ಐದು ವಾರ ಹಿಡಿಯಿತು. ಆ ಐದು ವಾರ ನಕಾಶೆ ಬೀರುವಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಅದರ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ, "ನೀನು ಆಸ್ಪತ್ರೆಯ ಗೆಳತಿಯರ ಜೊತೆ ಹೋಗಿ ಬಾ" ಎಂದೆ. "ಸುಮ್ನ ಕೂಡ್ರಿ" ಎಂದು ಪಲ್ಯಕ್ಕೆ ಹೆಚ್ಚುತ್ತಿದ್ದ ಬೀನ್ಸನ್ನು ಪುಡಿಯಾಗುವಷ್ಟು ಸಣ್ಣಗೆ ಹೆಚ್ಚಿದಳು. ಬೇರೆಯವರ ರಿಪೋರ್ಟುಗಳನ್ನು ದಿನವಿಡೀ ಧೈರ್ಯವಾಗಿ ಓದಿ ಹೇಳುವವಳು ನನ್ನದಕ್ಕಾಗಿ ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಿದ್ದಳು. ಅವಳ ಭಯವನ್ನು ನಾನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ. ಅದನ್ನು ತಪ್ಪಿಸುತ್ತೇನೆಂದು ಬಾಯಿ ಮುಚ್ಚಿಕೊಂಡಿದ್ದವನು ನಾನು.

ಕೊನೆಗೆ ಜಿಪಿ ನಗುತ್ತಾ ಹೇಳಿದರು: ಹೃದಯಕ್ಕೆ ಏನೂ ಆಗಿಲ್ಲ, ರಕ್ತದೊತ್ತಡ ತುಸು ಹೆಚ್ಚು, ವರ್ಷಗಟ್ಟಲೆ ಕುರ್ಚಿಯಲ್ಲೇ ಕುಳಿತ ಮೈಗೆ ಉಸಿರು ಸಾಲುತ್ತಿಲ್ಲ, ದಿನಾ ನಡೆಯಿರಿ, ನಿಧಾನವಾಗಿ ಹೆಚ್ಚಿಸಿ. ಹೊರಗೆ ಬಂದು ಸುಮಂಗಲಾ ಬಸ್ ಸ್ಟಾಪಿನ ಬೆಂಚಿನ ಮೇಲೆ ಕುಳಿತು ಅತ್ತಳು. ಮೂರು ಬಸ್ಸು ಬಿಟ್ಟೆವು.

ಮನೆಗೆ ಬಂದವನೇ ವೇಳಾಪಟ್ಟಿ ತೆರೆದು ನನ್ನ ಹೆಸರಿನ ಮುಂದಿದ್ದ ನಾಲ್ಕನ್ನು ಅಳಿಸಿ ಎರಡು ಎಂದು ಬರೆದೆ.

"ನಂದು ಎರಡೂವರಿ ಮಾಡ್ರಿ" ಎಂದಳು ಹಿಂದೆ ನಿಂತವಳು.

"ನಿಂದು ನಾಲ್ಕು ಅಂದಿದ್ದೆಯಲ್ಲ?"

"ನೀವು ನಾಲ್ಕು ಅಂದ್ರಿ. ಹಿಂದ ಬೀಳಬಾರದಂತ ನಾನೂ ನಾಲ್ಕು ಅಂದೆ."

ಎಷ್ಟು ನಕ್ಕೆವೆಂದರೆ ಪಕ್ಕದ ಫ್ಲಾಟಿನವರಿಗೂ ಕೇಳಿಸಿರಬೇಕು. ಇಪ್ಪತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಇನ್ನೂ ಎಲ್ಲೆಲ್ಲಿ ಹೀಗೆ ಒಬ್ಬರಿಗಾಗಿ ಒಬ್ಬರು ಓಡಿದ್ದೇವೋ ಎಂದು ಆಮೇಲೆ ಯೋಚಿಸಿದೆ. ಪಟ್ಟಿ ಮಾಡಲು ಹೋಗಲಿಲ್ಲ. ಬೆಟ್ಟದ ಅದೇ ಮರದ ಮನೆಗೆ ಇನ್ನೊಂದು ಕಣಿವೆಯಿಂದ ಹನ್ನೆರಡು ಕಿಲೋಮೀಟರಿನ ದಾರಿ ಸಿಕ್ಕಿತು. ಏರು ಕಡಿದೇ, ಆದರೆ ಒಂದೇ ಏರು. ಜುಲೈಯಲ್ಲಿದ್ದ ಪ್ರಯಾಣವನ್ನು ಆಗಸ್ಟ್ ಕೊನೆಗೆ ತಳ್ಳಿದೆವು. ದಿನಾ ಬೆಳಗ್ಗೆ ನಾನು ಮನೆ ಹತ್ತಿರದ ಟ್ಯೂಬ್ ರೈಲಿನ ನಿಲ್ದಾಣ ಬಿಟ್ಟು, ಎರಡು ನಿಲ್ದಾಣ ಆಚೆಯ ಕೊಲಿಂಡೇಲ್‌ವರೆಗೆ ನಡೆದು ಅಲ್ಲಿ ರೈಲು ಹತ್ತತೊಡಗಿದೆ.

ಹೋದೆವು. ನಿಧಾನದವರೆಂದು ಬೆಳಗ್ಗೆ ಆರಕ್ಕೇ ಹೊರಟೆವು. ಕಲ್ಲುಗಳ ಮೇಲೆ ಬಳಿದ ಕೆಂಪು ಗುರುತುಗಳನ್ನು ಹುಡುಕುತ್ತಾ, ಕರಗದೆ ಉಳಿದ ಹಿಮದ ಮೇಲೆ ಕೈಕೈ ಹಿಡಿದು ದಾಟುತ್ತಾ, ಎರಡು ಕಡೆ ಕುಳಿತು ಬೈದುಕೊಳ್ಳುತ್ತಾ, ಒಂಬತ್ತೂವರೆ ಗಂಟೆಯ ಮೇಲೆ ತಲುಪಿದೆವು. ಅದೇ ಮನೆಗೆ ನಡೆಯುವ ಮಿಕ್ಕವರೆಲ್ಲ ತಿಂಡಿ ಮುಗಿಸಿ ತಡವಾಗಿ ಹೊರಟಿದ್ದರಿಂದ, ಆ ದಿನ ಬೆಟ್ಟದ ಅತ್ಯಂತ ನಿಧಾನದ ಜೋಡಿಯೇ ಮೊದಲು ಬಾಗಿಲು ತೆರೆಯಿತು. ಸುಮಂಗಲಾ ತೊರೆಯಿಂದ ನೀರು ತಂದಳು. ನಾನು ಮನೆ ತುಂಬ ಹೊಗೆ ಎಬ್ಬಿಸಿ, ನಾಲ್ಕನೆಯ ಸಲಕ್ಕೆ ಒಲೆ ಹೊತ್ತಿಸಿದೆ. ಅವಳು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒರಗಿದ್ದೇ ತಡ, ನಿದ್ದೆ ಹೋದಳು.

ಐದರ ಸುಮಾರಿಗೆ ಬಾಗಿಲ ಮೇಲೆ ಸದ್ದಾಯಿತು. ಎಪ್ಪತ್ತರ ಆಸುಪಾಸಿನ ಇಬ್ಬರು ನಾರ್ವೆಯ ಹೆಂಗಸರು, ಮಳೆಯಲ್ಲಿ ತೊಯ್ದು ನಿಂತಿದ್ದರು. ಉರಿಯುವ ಒಲೆ, ಕುದಿಯುವ ನೀರು ಕಂಡು ನಮ್ಮನ್ನೇ ಮನೆಯವರೆಂದುಕೊಂಡರೋ ಏನೋ, ಒಳಗೆ ಜಾಗವಿದೆಯೇ ಎಂದು ಇಂಗ್ಲಿಷಿನಲ್ಲಿ ಸಂಕೋಚದಿಂದ ಕೇಳಿದರು. ಪರದೇಶದಲ್ಲಿ ಇಪ್ಪತ್ತೆರಡು ವರ್ಷ ಆ ಪ್ರಶ್ನೆಯನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳುತ್ತಾ ಬಂದವನು ನಾನು. ಉತ್ತರ ಕೊಡುವ ಸರದಿ ಬಂದಿರಲಿಲ್ಲ. ಗಡಿಬಿಡಿಯಲ್ಲಿ ಬಾಯಿಗೆ ಕನ್ನಡವೇ ಬಂತು: "ಬನ್ನಿ, ಬನ್ನಿ, ಒಳಗೆ ಬನ್ನಿ."

ಅವರಿಗೆ ಅರ್ಥವಾಯಿತು. ಬೂಟು ಕಳಚಿ ಒಳಗೆ ಬಂದರು.

"ಯಾರ‍್ರೀ ಬಂದಾರ?" ಎಂದಳು ಸುಮಂಗಲಾ, ಕಣ್ಣು ತೆರೆಯದೆ.

"ನೆಂಟರು" ಎಂದೆ. "ನಾನು ನೋಡ್ಕೋತೀನಿ, ನೀನು ಮಲಗು."

ಮತ್ತೆ ಎರಡು ಲೋಟ ನೀರನ್ನು ಪಾತ್ರೆಗೆ ಸುರಿದೆ.