ಒಂದೇ ನಂಬರಿನ ಇಬ್ಬರು

ಕೈ ತೊಳೆಯುವ ಪಾಠವನ್ನು ಹನ್ನೊಂದು ಸಲ ನೋಡಿದ್ದ ಹೆಂಗಸೊಬ್ಬಳು ಫೋನ್ ಮಾಡಿ, "ಮೇಡಂ, ತೊಳ್ದು ತೊಳ್ದು ಕೈ ಸವದು ಹೋದ್ವು. ಕೂಸಿನ ತನಕ ನಾವು ಯಾವಾಗ ಹೋಗೋದ್ರಿ?" ಎಂದು ಕೇಳಿದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ದೂರುಗಳ ಪಟ್ಟಿಗೆ ಒಂದು ಸಾಲು ಸೇರಿಸಿ ಫೋನ್ ಇಟ್ಟೆ.

ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ನಮ್ಮ ಎರಡು ಕೋಣೆಯ ಆಫೀಸು. ಮೊಬೈಲಿನಲ್ಲಿ ನೋಡಿ ಕಲಿಯುವ ತರಬೇತಿ ಪಾಠಗಳನ್ನು ತಯಾರಿಸಿಕೊಡುವುದು ನಮ್ಮ ಕೆಲಸ. ಆ ವರ್ಷ ಮಕ್ಕಳ ಪಾಲನಾ ಕೇಂದ್ರಗಳನ್ನು ನಡೆಸುವ ಒಂದು ಸಂಸ್ಥೆ ನಮ್ಮಿಂದ ಮೂವತ್ತು ವಿಡಿಯೊ ಮಾಡಿಸಿಕೊಂಡಿತ್ತು. ಕೂಸನ್ನು ಎತ್ತುವುದು ಹೇಗೆ, ಉಣಿಸುವುದು ಹೇಗೆ, ಜ್ವರ ಬಂದರೆ ಏನು ಮಾಡಬೇಕು, ಎಲ್ಲ ಅದರಲ್ಲಿತ್ತು. ಮೂವತ್ತೂ ಪಾಠ ಮುಗಿಸಿದವರಿಗೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದವರಿಗೆ ಅವರ ಊರಿನ ಕೇಂದ್ರದಲ್ಲಿ ಕೆಲಸ. ಓಡಿಸಿಕೊಂಡು ನೋಡಬಾರದೆಂದು ಮುಂದೆ ಸರಿಸುವ ಗುಂಡಿಯನ್ನು ನಾನೇ ತೆಗೆದುಹಾಕಿದ್ದೆ. ಆದರೆ ನಡುವೆ ನೆಟ್‌ವರ್ಕ್ ಹೋದರೆ, ಯಾರದೋ ಕರೆ ಬಂದರೆ, ಕರೆಂಟು ಹೋಗಿ ಮೊಬೈಲು ಸತ್ತರೆ, ವಿಡಿಯೊ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಮ್ಮ ಭಾಗದಲ್ಲಿ ಈ ಮೂರರಲ್ಲಿ ಒಂದಾದರೂ ಆಗದೆ ಹತ್ತು ನಿಮಿಷ ಕಳೆಯುವುದು ಕಷ್ಟ.

ಬಿಟ್ಟಲ್ಲಿಂದ ಶುರುವಾಗುವ ಹಾಗೆ ಮಾಡಿಕೊಡಿ ಎಂದರು ಸಂಸ್ಥೆಯವರು. ಮಾಡಿಕೊಟ್ಟೆ. ನೋಡುವವರು ಯಾವ ಪಾಠದ ಎಷ್ಟನೆಯ ಸೆಕೆಂಡಿನಲ್ಲಿ ಇದ್ದಾರೆಂಬುದನ್ನು ಆಗಾಗ ಬರೆದಿಡುವುದು, ಮತ್ತೆ ತೆರೆದಾಗ ಅದಕ್ಕಿಂತ ಐದು ಸೆಕೆಂಡು ಹಿಂದಿನಿಂದ ತೋರಿಸುವುದು. ಇಷ್ಟೇ ವಿಷಯ. ಯಾರ ಹೆಸರಿನಲ್ಲಿ ಬರೆದಿಡಬೇಕು ಎಂಬ ಪ್ರಶ್ನೆ ಬಂದಾಗ ಮೊಬೈಲ್ ನಂಬರಿನ ಲೆಕ್ಕದಲ್ಲಿ ಇಟ್ಟೆ. ಪಾಸ್‌ವರ್ಡು ಕೊಟ್ಟರೆ ಎಲ್ಲರೂ ಮರೆಯುತ್ತಿದ್ದರು, ನಂಬರು ಯಾರೂ ಮರೆಯುವುದಿಲ್ಲ. ಒಂದು ನಂಬರು ಎಂದರೆ ಒಬ್ಬ ಹೆಂಗಸು ಎಂದುಕೊಂಡೆ. ನಾನು ಹುಟ್ಟಿ ಬೆಳೆದ ಬ್ರಹ್ಮಪುರದ ಮನೆಯಲ್ಲಿ ಒಂದು ಮೊಬೈಲನ್ನು ಐದು ಜನ ಹಂಚಿಕೊಂಡಿದ್ದು ನನಗೆ ಆಗ ನೆನಪಾಗಲಿಲ್ಲ. ಕುರ್ಚಿಯಲ್ಲಿ ಕೂತರೆ ಕೆಲವು ವಿಷಯ ಮರೆತು ಹೋಗುತ್ತವೆ.

ಕೆಲಸ ಚೆನ್ನಾಗಿ ಆಯಿತು. ದೂರುಗಳು ನಿಂತವು. ನಮ್ಮ ಯಜಮಾನರು ಮನೆಯಲ್ಲಿ ದಖನಿ ಉರ್ದು ಆಡುವವರು, ಖುಷಿಯಾದರೆ ಅದೇ ಬಾಯಿಗೆ ಬರುತ್ತದೆ. "ಬಹುತ್ ಖೂಬ್ ಮೇಡಂ, ನೀವು ಮಾಡಿದ್ದು ಬರಾಬರ್ ಆಗ್ಯಾದ" ಎಂದು ಕೆಳಗಿನ ಹೋಟೆಲಿನಿಂದ ಎಲ್ಲರಿಗೂ ಮಂಡಕ್ಕಿಯ ಸೂಸಲಾ ತರಿಸಿದರು. ತಿಂದೆ. ಆ ದಿನಗಳಲ್ಲಿ ನನಗೆ ಸಂತೋಷವೂ ತಟ್ಟುತ್ತಿರಲಿಲ್ಲ, ಸಂಕಟವೂ ತಟ್ಟುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಒಂದೇ ಕುರ್ಚಿ, ಒಂದೇ ಪರದೆ. ಬಹಳ ಹೊತ್ತು ಕೂತ ಕಾಲಿಗೆ ಜೋಮು ಹಿಡಿದಂತೆ ಮನಸ್ಸಿಗೂ ಹಿಡಿದಿತ್ತು. ಯಾರಾದರೂ ಕೇಳಿದರೆ ಆರಾಮಿದ್ದೇನೆ ಅನ್ನುತ್ತಿದ್ದೆ, ಸುಳ್ಳೂ ಆಗಿರಲಿಲ್ಲ.

ಒಂದು ಬುಧವಾರ ಕಮಲಾಪುರದಿಂದ ಫೋನ್ ಬಂತು. ಪಾಠಗಳ ಕೆಳಗೆ ಸಹಾಯಕ್ಕೆಂದು ಹಾಕಿದ್ದು ನನ್ನ ನಂಬರೇ.

"ರೀ ಮೇಡಂ, ನಂದು ಇಪ್ಪತ್ತೆಂಟು ಪಾಠ ಆಗಿತ್ರಿ. ಎರಡು ಉಳ್ದಿದ್ವು. ಇವತ್ತ ತೆಗದು ನೋಡಿದ್ರ ಎಲ್ಲಾ ಮುಗದದ ಅಂತ ತೋರಸ್ಲಾಕತ್ತದ. ನಾ ನೋಡ್ಲಾರದ ಹೆಂಗ ಮುಗೀತ್ರಿ?"

ನಂಬರು ಕೇಳಿ ತೆರೆದು ನೋಡಿದೆ. ಮೂವತ್ತೂ ಮುಗಿದಿದ್ದವು. ಸರ್ಟಿಫಿಕೇಟು ಸಂಸ್ಥೆಗೆ ಹೋಗಿತ್ತು. ಹೆಸರು ಕೇಳಿದೆ. ಅವಳು ಹೇಳಿದ ಹೆಸರು ಪರದೆಯ ಮೇಲಿರಲಿಲ್ಲ. ಇನ್ನೊಂದು ಹೆಸರಿತ್ತು. ಅದನ್ನು ಓದಿ ಹೇಳಿದೆ.

"ಅದು ನಮ್ಮಕ್ಕಂದ್ರಿ. ನನ್ನ ನೆಗೆಣ್ಣಿ. ನಮ್ಮ ಭಾವನವರ ಹೆಂಡ್ತಿ."

ಇನ್ನೆರಡು ಪ್ರಶ್ನೆ ಕೇಳುವಷ್ಟರಲ್ಲಿ ಏನಾಗಿದೆಯೆಂದು ನನಗೆ ಹೊಳೆಯಿತು. ಮನೆಗೆಲ್ಲ ಇದ್ದದ್ದು ಅತ್ತೆಯ ಒಂದೇ ಮೊಬೈಲು. ಕಿರಿಯ ಸೊಸೆ ಮೊದಲು ಹೆಸರು ಹಚ್ಚಿ ಇಪ್ಪತ್ತೆಂಟು ಪಾಠ ನೋಡಿದ್ದಳು. ಹಿರಿಯಳೂ ಒಂದು ಅರ್ಜಿ ಹಾಕಲಿ ಎಂದು ಮನೆಯಲ್ಲಿ ಮಾತು ಬಂದಿತ್ತು. ಅವಳೂ ಅದೇ ಮೊಬೈಲಿನಿಂದ ಹೆಸರು ಹಚ್ಚಿದಳು. ನಾನು ಬರೆದ ಪ್ರೋಗ್ರಾಮು ಹಳೆಯ ಹೆಸರನ್ನು ಅಳಿಸಿ ಹೊಸ ಹೆಸರು ಬರೆಯಿತು, ಪಾಠದ ಗುರುತನ್ನು ಮಾತ್ರ ಹಾಗೇ ಇಟ್ಟಿತು. ಹಿರಿಯಳಿಗೆ ಇಪ್ಪತ್ತೊಂಬತ್ತನೆಯ ಪಾಠ ತೆರೆಯಿತು. ಎರಡು ಪಾಠ ನೋಡಿದಳು, ಅಭಿನಂದನೆ ಬಂತು. ಮೊದಲಿನ ಹೆಸರು ಎಲ್ಲೂ ಉಳಿದಿರಲಿಲ್ಲ. ಕಮಲಾಪುರದಲ್ಲಿ ಇದ್ದದ್ದು ಒಂದೇ ಕೇಂದ್ರ, ಒಂದೇ ಹುದ್ದೆ. ಮುಂದಿನ ಸೋಮವಾರ ಹಿರಿಯಳ ಹೆಸರಿಗೆ ಆದೇಶ ಹೊರಡುವುದಿತ್ತು.

ಸಂಸ್ಥೆಯ ಆಫೀಸು ಶರಣಬಸವೇಶ್ವರ ದೇವಸ್ಥಾನದ ಹತ್ತಿರ. ಮರುದಿನ ಹೋದೆ. ಅಲ್ಲಿನ ಮೇಡಂ ಕೇಳಿಸಿಕೊಂಡು, "ರೆಕಾರ್ಡಿನಾಗ ಇದ್ರ ತೋರಸ್ರಿ" ಎಂದರು.

"ರೆಕಾರ್ಡಿನಾಗ ಇಲ್ರಿ. ಅಳಿಸಿ ಹೋಗ್ಯಾದ."

"ಹಂಗಿದ್ರ ಬರ್ದು ಕೊಡ್ರಿ. ನಮ್ಮ ತಪ್ಪಿನಿಂದ ಹೆಸರು ಬದಲಾಗ್ಯಾದ ಅಂತ ಸೋಮವಾರದೊಳಗ ಕಾಗದ ಬಂದ್ರ ನಾ ಆದೇಶ ನಿಲ್ಲಸ್ತೀನಿ. ಆದ್ರ ಒಂದು ತಿಳ್ಕೋರಿ, ಮತ್ತ ಎಷ್ಟು ಮನ್ಯಾಗ ಹಿಂಗಾಗ್ಯಾದೋ ಏನೋ. ಎಲ್ಲಾರ ಸರ್ಟಿಫಿಕೇಟೂ ತಪಾಸ ಮಾಡಬೇಕಾಗ್ತದ."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆಫೀಸಿಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬೈಯುತ್ತಾರೆಂದುಕೊಂಡಿದ್ದೆ. "ಬರೀರಿ ಮೇಡಂ" ಎಂದರು. "ಸಹಿ ನಾ ಮಾಡ್ತೀನಿ. ಗಲತಿ ಆಗ್ಯಾದ, ಆಗ್ಯಾದ. ಅದಕ್ಯಾಕ ಅಂಜೋದು?"

ಬರೆಯುವ ಮೊದಲು ಒಮ್ಮೆ ಕಣ್ಣಾರೆ ನೋಡಿ ಬರೋಣವೆನ್ನಿಸಿತು. ಈಗ ಯೋಚಿಸಿದರೆ ಅದು ಬರೆಯುವುದನ್ನು ಮುಂದೂಡುವ ಉಪಾಯವೇ ಇರಬೇಕು. ಶುಕ್ರವಾರ ಕಮಲಾಪುರದ ಬಸ್ಸು ಹತ್ತಿದೆ. ತಾಸೊಂದರ ದಾರಿ, ಕಿಟಕಿಗೆ ತಲೆ ಆನಿಸಿ ಕೂತೆ.

ಮನೆ ಬಸ್‌ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಅತ್ತೆ ಬಾಗಿಲಲ್ಲೇ ನೀರು ಕೊಟ್ಟು, ಒಳಗೆ ಕರೆದು, ಚಹಾ ಇಡಲು ಹೇಳಿದರು. ಇಬ್ಬರು ಸೊಸೆಯಂದಿರೂ ಬಂದು ಗೋಡೆಗೆ ಒರಗಿ ನಿಂತರು. ಹಿರಿಯಳ ಕಂಕುಳಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಕಿರಿಯಳಿಗೆ ಇಪ್ಪತ್ತಾರಿರಬಹುದು, ತೆಳ್ಳಗಿದ್ದಳು, ಮಾತಿಗಿಂತ ಮೊದಲು ಕಣ್ಣುಗಳು ಓಡಾಡುತ್ತಿದ್ದವು.

ಹಿರಿಯಳಲ್ಲಿ ಕಪಟವೇನೂ ಇರಲಿಲ್ಲ. "ನಂಗೇನ್ ಗೊತ್ರಿ ಮೇಡಂ? ಎರಡು ಪಾಠ ಬಂದ್ವು, ನೋಡ್ದೆ, ಮುಗೀತು ಅಂತು. ಇಷ್ಟ ಸಣ್ಣದಿರ್ತದೇನೋ ಅನ್ಕೊಂಡೆ. ಇಕಿನೇ ಹುಚ್ಚಿ, ತಿಂಗಳಗಟ್ಲೆ ಏನ್ ನೋಡ್ತಾಳ ಅಂತ ನಕ್ಕಿದ್ದೆ ನಾ" ಎಂದಳು. ಹೇಳುವಾಗಲೂ ನಗುತ್ತಿದ್ದಳು.

ಅಷ್ಟರಲ್ಲಿ ಕೂಸು ಹಾಲು ಕಕ್ಕಿತು. ಕಿರಿಯಳು ಮುಂದೆ ಬಂದು ಅದನ್ನು ಎತ್ತಿಕೊಂಡಳು. ಹೆಗಲ ಮೇಲೆ ಬಟ್ಟೆ ಹಾಸಿ, ಕೂಸಿನ ಕುತ್ತಿಗೆಗೆ ಅಂಗೈ ಕೊಟ್ಟು, "ಮಗುವಿನ ತಲೆಯನ್ನು ನಿಮ್ಮ ಭುಜಕ್ಕೆ ಆನಿಸಿ, ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸವರಿ" ಎಂದಳು. ನಮ್ಮ ವಿಡಿಯೊದಲ್ಲಿದ್ದ ಅದೇ ಪುಸ್ತಕದ ಕನ್ನಡ, ಒಂದಕ್ಷರ ತಪ್ಪಿರಲಿಲ್ಲ. ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಇಲ್ಲಿ ಪಾಠ ಹೇಳೋ ಮೇಡಂ ಒಂದು ಸಲ ಕೆಮ್ತಾರ್ರಿ. ಕೆಮ್ಮಿ, ತಿರುಗಿ ಸವರಿ ಅಂತಾರ."

ಆರನೆಯ ಪಾಠ. ಆ ಕೆಮ್ಮನ್ನು ಕತ್ತರಿಸಲು ನನಗೆ ಬೇಸರವಾಗಿ ಹಾಗೇ ಬಿಟ್ಟಿದ್ದೆ. ಅದು ಇದೆಯೆಂದು ಇಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ. ಇವಳು ನೋಡಿದ್ದಾಳೆ ಎನ್ನುವುದಕ್ಕೆ ನನಗೆ ಬೇರೆ ರೆಕಾರ್ಡು ಬೇಕಿರಲಿಲ್ಲ. ಕೂಸು ತೇಗಿತು, ಎಲ್ಲರೂ ನಕ್ಕರು, ನಾನೂ ನಕ್ಕಂತೆ ಮಾಡಿದೆ.

"ಇಬ್ಬರೊಳಗ ಯಾರಿಗಿ ಬಂದ್ರೇನ್ರಿ?" ಎಂದರು ಅತ್ತೆ, ಕೆಂಪು ಬಾಳೆಹಣ್ಣು ನನ್ನ ಕೈಗಿಡುತ್ತಾ. "ಮನಿಗಂತೂ ಬರ್ತದಲ. ಸುಮ್ನ ಯಾಕ ತ್ರಾಸ ತಗೋತೀರಿ?" ಅವರಿಗೆ ಇದು ನಿಜವಾಗಿಯೂ ಒಂದೇ ಆಗಿತ್ತು. ಪರದೆಯ ಮೇಲೆ ನನಗೂ ಇಬ್ಬರೂ ಒಂದೇ ಆಗಿದ್ದರಲ್ಲ.

ಕಿರಿಯಳು ಅತ್ತೆಯನ್ನು ಕೇಳಿ ಬಸ್‌ಸ್ಟ್ಯಾಂಡಿನವರೆಗೆ ಬಂದಳು.

"ಲಗ್ನ ಆಗಿ ಆರು ವರ್ಷಾತ್ರಿ" ಎಂದಳು ದಾರಿಯಲ್ಲಿ. "ಅಕ್ಕ ಡೇರಿಗಿ ಹಾಲು ಹಾಕ್ಲಾಕ ಹೋಗ್ತಾಳ, ಸಂತಿಗಿ ಹೋಗ್ತಾಳ. ನಂದು ಅಡಗಿ, ಬಚ್ಚಲ, ಅಂಗಳ. ಮನ್ಯಾಗ ಯಾರೂ ಕೆಟ್ಟವರಿಲ್ರಿ, ಹಂಗೇನಿಲ್ಲ. ದಿನಾ ಮುಂಜಾನಿ ಚಪ್ಪಲಿ ಹಾಕ್ಕೊಂಡು, ನಾ ಹೋಗಿ ಬರ್ತೀನಿ ಅಂತ ಹೇಳಿ ಹೋಗೋದು ನಂದೂ ಒಂದು ಇರ್ಲಿ ಅಂತ, ಅಷ್ಟ ಇತ್ರಿ."

ಬಸ್ಸು ಬಂತು. ನಾನು ಹತ್ತುವಾಗ ಕೇಳಿದಳು: "ಬರ್ದು ಕೊಡ್ತೀರಲ್ರಿ ಅಕ್ಕಾ?"

"ಕೊಡ್ತೀನಿ" ಎಂದೆ. ಹೇಳುವಾಗ ಕೊಡುವವಳೇ ಆಗಿದ್ದೆ.

ಶನಿವಾರ ಬೆಳಿಗ್ಗೆ ಕೂತೆ. ಮಾನ್ಯರೇ ಎಂದು ಬರೆದೆ. ಆಮೇಲೆ ಬರೆಯಬೇಕಾದದ್ದು ಒಂದೇ ವಾಕ್ಯ, ಅದರಲ್ಲಿ ನನ್ನ ತಪ್ಪು ಎಂಬ ಎರಡು ಶಬ್ದ ಬರಬೇಕಿತ್ತು. ಬೇರೆ ಊರುಗಳ ಹೆಣ್ಣುಮಕ್ಕಳ ಸರ್ಟಿಫಿಕೇಟುಗಳು ನಿಂತುಹೋಗುತ್ತವೆ ಎಂದು ಯೋಚಿಸಿದೆ. ಪಾಪ, ಅವರೇನು ಮಾಡಿದ್ದಾರೆ ಎಂದುಕೊಂಡೆ. ಅವರ ಮೇಲೆ ನನಗೆ ಅಷ್ಟು ಕಳಕಳಿ ಅದಕ್ಕೆ ಮೊದಲು ಯಾವತ್ತೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ, ಅದೇ ವಿಷಯ. ಮಧ್ಯಾಹ್ನವಾಯಿತು. ಕೆಳಗೆ ಆಟೋಗಳ ಗದ್ದಲ. ಊಟ ಮಾಡಿ ಬಂದೆ. ಬೇರೊಂದು ಕೆಲಸ ತೆಗೆದೆ. ಸಂಜೆ ಯಜಮಾನರು "ಕಾಗದ ಆಯ್ತೇನ್ರಿ?" ಎಂದು ಕೇಳಿದಾಗ, "ಅವರ ಮನ್ಯಾಗ ಯಾರಿಗಿ ಬಂದ್ರೂ ನಡೀತದಂತ" ಎಂದೆ. ಅತ್ತೆ ಹೇಳಿದ ಮಾತೇ ಅದು, ಸುಳ್ಳಲ್ಲ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಸರಿ ಎಂದು ಹೊರಟರು.

ಸೋಮವಾರ ಬಂತು, ಹೋಯಿತು. ನನಗೆ ನಾಚಿಕೆಯಾಗುತ್ತದೆಂದು ಕಾದೆ. ಮಂಗಳವಾರ ಎಂದಿನಂತೆ ಕೆಲಸ ಮಾಡಿದೆ, ಎಂದಿನಂತೆ ನಿದ್ದೆ ಬಂತು. ಆ ನಿದ್ದೆಗೆ ಈಗ ನಾಚಿಕೆಯಾಗುತ್ತದೆ.

ತಪ್ಪನ್ನಂತೂ ಸರಿಮಾಡಿದೆ. ಒಂದು ಮಧ್ಯಾಹ್ನದ ಕೆಲಸ. ಈಗ ಒಂದು ನಂಬರಿನಲ್ಲಿ ಎಷ್ಟು ಜನ ಬೇಕಾದರೂ ಇರಬಹುದು. ತೆರೆದ ಕೂಡಲೇ "ಯಾರು ನೋಡುತ್ತಿದ್ದೀರಿ?" ಎಂದು ಕೇಳಿ ಹೆಸರುಗಳನ್ನು ತೋರಿಸುತ್ತದೆ, ಅವರವರು ಬಿಟ್ಟಲ್ಲಿಂದ ಅವರವರಿಗೆ ಶುರುವಾಗುತ್ತದೆ. ಅತ್ತೆಯ ನಂಬರಿನಲ್ಲಿ ಕಿರಿಯಳ ಹೆಸರನ್ನು ನಾನೇ ಎರಡನೆಯದಾಗಿ ಸೇರಿಸಿದೆ. ನಿಮ್ಮ ಊರಿನಲ್ಲಿ ಇನ್ನೊಂದು ಕೇಂದ್ರ ತೆರೆದರೆ ಸರ್ಟಿಫಿಕೇಟು ಬೇಕಾಗುತ್ತದೆ, ಪಾಠಗಳನ್ನು ಮೊದಲಿನಿಂದ ನೋಡಿರಿ ಎಂದು ಸಂದೇಶ ಕಳಿಸಿದೆ. ನೋಡಿದ ಇಪ್ಪತ್ತೆಂಟು ಪಾಠಗಳನ್ನು ಅವಳ ಹೆಸರಿಗೆ ಹಾಕಬಹುದಿತ್ತು. ಹಾಕಿದರೆ ಯಾಕೆಂದು ಬರೆಯಬೇಕಾಗುತ್ತಿತ್ತು.

ಎರಡು ತಿಂಗಳು ಆಗಾಗ ತೆರೆದು ನೋಡುತ್ತಿದ್ದೆ. ಪಾಠ ಒಂದು, ಸೆಕೆಂಡು ಸೊನ್ನೆ. ಕಡೆಗೆ ತಡೆಯದೆ ಒಂದು ದಿನ ಫೋನ್ ಮಾಡಿದೆ. ಅವಳೇ ಎತ್ತಿದಳು. ಹಿಂದೆ ಕೂಸು ರಚ್ಚೆ ಹಿಡಿದಿತ್ತು. ಅಕ್ಕ ಕೇಂದ್ರಕ್ಕೆ ಹೋಗಿದ್ದಾಳೆ, ಕೂಸು ಈಗ ತನ್ನ ಕಡೆಯೇ ಇರುತ್ತದೆ ಎಂದಳು.

"ನೀವು ಪಾಠ ಶುರುನೇ ಮಾಡಿಲ್ಲಲ್ರಿ?" ಎಂದು ಕೇಳಿದೆ.

"ಎಲ್ಲಾ ಬರ್ತದಲ್ರಿ ನನಗ. ಬರೋದನ್ನ ಮತ್ತೇನ್ ನೋಡ್ಲಿ?"

ಅವಳು ಕೂಸನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿಕೊಂಡ ಸದ್ದಾಯಿತು.

"ಅಕ್ಕಾ, ನೀವು ಬರ್ದು ಕೊಟ್ಟ ಕಾಗದ ಅವರು ಒಪ್ಪಲಿಲ್ಲೇನ್ರಿ?"

ಅವಳ ಮನಸ್ಸಿನಲ್ಲಿ ಎರಡು ತಿಂಗಳಿಂದ ಇದ್ದದ್ದು ಅದು. ನಾನು ಬರೆದಿಲ್ಲದಿರಬಹುದು ಎಂಬ ಯೋಚನೆ ಅವಳಿಗೆ ಬಂದೇ ಇರಲಿಲ್ಲ.

"ಇಲ್ಲ" ಎಂದೆ, "ಒಪ್ಪಲಿಲ್ಲ."

"ಇರ್ಲಿ ಬಿಡ್ರಿ, ನೀವರ ಏನ್ ಮಾಡ್ತೀರಿ? ಅಷ್ಟು ದೂರ ಬಂದು, ಬರ್ದು ಕೊಟ್ರಲ್ರಿ, ಅಷ್ಟ ಸಾಕು. ಮನಸಿಗಿ ಹಚ್ಕೋಬ್ಯಾಡ್ರಿ ಅಕ್ಕಾ" ಎಂದು ನನಗೆ ಸಮಾಧಾನ ಹೇಳಿದಳು.