ಪಾರ್ಲರ್ ಅತ್ತಿಗೆಯ ಬರಿಮುಖ

ನಮ್ಮ ಅತ್ತಿಗೆ ಮುಖಕ್ಕೆ ಬಳಿದುಕೊಳ್ಳದೆ ಹಾಲಿನವನಿಗೂ ಬಾಗಿಲು ತೆಗೆದವಳಲ್ಲ. ಬ್ಯೂಟಿ ಪಾರ್ಲರ್ ನಡೆಸುವವಳ ಮುಖವೇ ಅಂಗಡಿಯ ಬೋರ್ಡು ಎಂಬುದು ಅವಳ ವಾದ. ಅಣ್ಣ ಅವಳ ನಿಜವಾದ ಹುಬ್ಬನ್ನು ನೋಡಿದ್ದಾನೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ.

ಅಂಥವಳ ಕಣ್ಣುರೆಪ್ಪೆಯ ಮೇಲೆ ಏನೂ ಬಳಿಯದೆಯೇ ನೇರಳೆ ಬಣ್ಣ ಹತ್ತಿತು. ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಎದ್ದಿತು.

"ಎಲ್ಲಾ ಆ ಹೇರ್ ಡೈ ಕೆಲಸ. ಅಂಗಡಿ ಮುಚ್ಚು, ಮನೇಲಿ ಹಾಯಾಗಿರು," ಅಣ್ಣ ತೀರ್ಪು ಕೊಟ್ಟ.

ಹಾಯಾಗಿರಬೇಕಂತೆ! ಒಂದು ಕನ್ನಡಿ, ಒಂದು ಕುರ್ಚಿ ಇಟ್ಟುಕೊಂಡು ಕಟ್ಟಿದ ಅಂಗಡಿ ಅದು. ಅಲ್ಲಿ ಅವಳು ಯಾರ ಹೆಂಡತಿಯೂ ಅಲ್ಲ, ಮೇಡಂ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳು ಬಾಚಣಿಗೆ ಎತ್ತಲೂ ತಿಣುಕುವುದನ್ನು ನಾನು ನೋಡಿದ್ದೆ.

"ಡೈ ಆಗಲ್ಲ ಅಂದ್ರೆ ಮುಚ್ಚಲೇಬೇಕು ಕಣೇ," ಎಂದಳು. ಆ ದನಿ ಕೇಳಲಾಗದೆ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

"ಡೈ ಒಗ್ಗದೇ ಇರಬಹುದು," ಎಂದರು ಡಾಕ್ಟರಮ್ಮ. "ಇಲ್ಲಾ, ರೋಗದ ಜೊತೆ ಹೋರಾಡೋ ಶಕ್ತಿ ಮೈಗೇ ತಿರುಗಿಬಿದ್ದು ಉರಿಯೂತ ಆಗಿರಬಹುದು. ಚೂರು ಚರ್ಮ ತೆಗೆದು ನೋಡೋಣ." ಮರಗಟ್ಟಿಸುವ ಸೂಜಿ ಚುಚ್ಚಿ, ಗೆಣ್ಣಿನ ಮೇಲಿಂದ ಬೇಳೆಯಷ್ಟು ಚರ್ಮ ತೆಗೆದು ಹೊಲಿಗೆ ಹಾಕಿದರು.

ವರದಿಯಲ್ಲಿ ತಲೆಬುಡ ಸಿಗಲಿಲ್ಲ.

"ಚರ್ಮ ತೆಗೆಯೋ ಮುಂಚೆ ಏನಾದ್ರೂ ಹಚ್ಚಿದ್ರಾ?" ಡಾಕ್ಟರಮ್ಮ ಕೇಳಿದರು.

"ಇಲ್ವಲ್ಲ," ಎಂದಳು ಅತ್ತಿಗೆ. ಅಷ್ಟರಲ್ಲಿ ಕನ್ನಡಕಕ್ಕೆಂದು ಅವಳ ಚೀಲಕ್ಕೆ ಕೈಹಾಕಿದ ನನಗೆ ಹಿಂಡಿ ಚಪ್ಪಟೆಯಾದ ಸ್ಟೀರಾಯ್ಡ್ ಕ್ರೀಮಿನ ಟ್ಯೂಬ್ ಸಿಕ್ಕಿತು. ಮೇಜಿನ ಮೇಲಿಟ್ಟೆ.

"ಡಾಕ್ಟರ ಮುಂದೆ ಅಂಥಾ ಕೈ ಹಿಡ್ಕೊಂಡು ಬರೋದು ಹೇಗೆ?" ಎಂದಳು ಅತ್ತಿಗೆ ತಲೆ ತಗ್ಗಿಸಿ.

"ಇದು ಉರಿಯೂತಾನ ಅಡಗಿಸಿಬಿಡುತ್ತೆ. ನಾನು ನೋಡಬೇಕಾದ್ದನ್ನೇ ಒರೆಸಿಕೊಂಡು ಬಂದಿದ್ದೀರಲ್ಲಮ್ಮ. ಇನ್ನು ಕ್ರೀಮೂ ಬೇಡ, ಪೌಡರೂ ಬೇಡ. ದದ್ದು ಏಳಲಿ, ಆಮೇಲೆ ಬನ್ನಿ."

ಅತ್ತಿಗೆ ಬರಿಮುಖದಲ್ಲಿ ಅಂಗಡಿ ತೆರೆದಳು. ಗಿರಾಕಿಯೊಬ್ಬಳಂತೂ ಕುರ್ಚಿಯಿಂದ ಎದ್ದು, "ಮೊದಲು ನಿಮ್ಮ ಮುಖ ಸರಿ ಮಾಡ್ಕೊಳ್ಳಿ," ಎಂದು ಹೊರಟೇಹೋದಳು. ಅವತ್ತು ಅತ್ತಿಗೆ ಬಿಕ್ಕಿ ಬಿಕ್ಕಿ ಅತ್ತಳು. ಆದರೂ ಟ್ಯೂಬ್ ಮುಟ್ಟಲಿಲ್ಲ.

ದದ್ದು ಎದ್ದ ಮೇಲೆ ತೆಗೆದ ಎರಡನೇ ಚೂರು ಚರ್ಮ ನಿಜ ಬಾಯಿಬಿಟ್ಟಿತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಚರ್ಮಕ್ಕೂ ಸ್ನಾಯುವಿಗೂ ಹತ್ತಿದ ಉರಿಯೂತದ ಕಾಯಿಲೆ. ಕೈ ಸೋಲುವುದೂ ಅದರಿಂದಲೇ. ಬಹಳ ಕಾಲ ಮಾತ್ರೆ ನುಂಗಬೇಕು, ಬಿಸಿಲಿಗೆ ಹೋಗಬಾರದು.

"ಮತ್ತೆ ಡೈ?" ಅತ್ತಿಗೆ ಕೇಳಿದ್ದು ಅದೊಂದೇ.

"ಅದರದ್ದೇನೂ ತಪ್ಪಿಲ್ಲ."

ಕಾಯಿಲೆ ಇದೆ ಅಂದರೆ ಮುಖ ಅರಳಿಸಿದವಳನ್ನು ನಾನು ನೋಡಿದ್ದು ಅದೇ ಮೊದಲು. ನೇರ ಅಂಗಡಿಗೆ ಬಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಗ್ಲೌಸ್ ಹಾಕಿಕೊಂಡು ನನ್ನ ನರೆಗೆ ಡೈ ಹಚ್ಚತೊಡಗಿದಳು. ಅರ್ಧ ತಲೆ ಆಗುವಷ್ಟರಲ್ಲಿ ಕೈ ಸೋತು ನನ್ನ ಭುಜದ ಮೇಲೆ ಇಳಿಯಿತು.

"ಮಿಕ್ಕಿದ್ದು ನಾಳೆ ಕಣೇ."

ಅರ್ಧ ಕಪ್ಪು, ಅರ್ಧ ಬಿಳಿ ತಲೆ ಹೊತ್ತು ಮನೆಗೆ ಹೋದೆ. ಅಣ್ಣ ಹೌಹಾರಿದ. "ಏನೇ ಇದು ಅವತಾರ?"

"ನಾಳೇನೂ ಅಂಗಡಿ ತೆಗೆದಿರುತ್ತೆ," ಎಂದೆ.