ಕೋಳಿಗಳ ಕಾರಿನ ಆ್ಯಕ್ಸಲ್

ಬಸುರಿ ತಂಗಿಯ ಕುಬಸಕ್ಕೆ ಬುತ್ತಿ ಹೇರಿಕೊಂಡು ರಾಮದುರ್ಗಕ್ಕೆ ಹೊರಟಿದ್ದೆ. ಹೂಲಿ ಹತ್ತಿರ ನನ್ನ ಹಳೇ ಕಾರಿನ ಮುಂದಿನ ಆ್ಯಕ್ಸಲ್ ಕಟಕಟ ಎನ್ನುತ್ತ ಕೈಕೊಟ್ಟಿತು.

“ಪೂರಾ ಸವದೈತ್ರಿ ಅಕ್ಕಾರ. ಹೊಸಾದು ಇವತ್ತ ಸಿಗೂದಿಲ್ಲ. ನಮ್ಮ ಅತ್ತಿ ಹಿತ್ತಲದಾಗ ಇಂಥಾದ ಒಂದು ಕಾರು ಕೆಟ್ಟು ನಿಂತೈತಿ, ಬರ್ರಿ,” ಎಂದ ಊರಿನ ಮೆಕ್ಯಾನಿಕ್ ಈರಪ್ಪ.

ಆ ಕಾರಿನ ತುಂಬ ಕೋಳಿಗಳು. ಡ್ರೈವರ್ ಸೀಟಿನಲ್ಲಿ ಒಂದು ಕಾವಿಗೆ ಕುಳಿತಿತ್ತು.

“ಬೇಕಾದ್ದು ಬಿಚ್ಚಿಕೊಳ್ರಿ, ಆದ್ರ ಆಕಿನ್ನ ಎಬ್ಬಿಸಬ್ಯಾಡ್ರಿ,” ಎಂದರು ಅವನ ಅತ್ತೆ. ಸುತ್ತಿಗೆಗೆ ಅರಿವೆ ಸುತ್ತಿ, ಪಿಸುಮಾತಿನಲ್ಲೇ ಆ್ಯಕ್ಸಲ್ ಬಿಚ್ಚಿದೆವು.

“ಇದಕ್ಕ ಏನ ಕೊಡ್ಲಿ, ಯವ್ವಾ?” ಎಂದೆ.

“ಏನೂ ಬ್ಯಾಡವ್ವ. ನಿನ್ನ ಕಾರು ಓಡೂದು ಬಿಟ್ಟ ಮ್ಯಾಲೆ ಇಲ್ಲೇ ತಂದು ನಿಲ್ಲಸು. ಮರಿ ಆದ್ರ ಇವಕ್ಕ ಜಾಗಾ ಸಾಲೂದಿಲ್ಲ.”

ಹೊತ್ತಿಗೆ ಸರಿಯಾಗಿ ಹೋಗಿ ತಂಗಿಯ ಉಡಿ ತುಂಬಿದೆ. ಕಾರು ಇನ್ನೂ ಓಡುತ್ತಿದೆ. ಮಾರುತ್ತೀರಾ ಎಂದು ಯಾರಾದರೂ ಕೇಳಿದರೆ, ಕೋಳಿಗಳಿಗೆ ಮಾತು ಕೊಟ್ಟಾಗಿದೆ ಎನ್ನುತ್ತೇನೆ.